ದಿನಕ್ಕೊಂದು ಪುಟ ಚಿತ್ರ: ಮನಸ್ಸಿಗೂ ಬೇಕು ವ್ಯಾಯಾಮ

ನಿಮ್ಮ ಮನೆಯಲ್ಲಿ ದೊಡ್ಡವರು ಯಾರಾದರೂ ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಿ ಎಷ್ಟು ವರ್ಷವಾಯಿತು? ಮಕ್ಕಳ ಮಾತು ಬಿಡಿ. ನಿಮ್ಮನ್ನೇ ಕೇಳುತ್ತಿದ್ದೇನೆ.

ದವಾಖಾನೆಗೆ ಬರುವವರನ್ನೂ ನಾನು ಹೀಗೆ ಕೇಳುವುದುಂಟು. ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಸುಮ್ಮನೆ ಸಿಟ್ಟು ಬರುತ್ತದೆ, ಪರೀಕ್ಷೆಗಳಲ್ಲಿ ಮಾತ್ರ ಏನೂ ಇಲ್ಲ ಎಂದು ಹೇಳುವವರು ಇವರು. ನನ್ನ ಪ್ರಶ್ನೆಗೆ ಹೆಚ್ಚಿನವರ ಉತ್ತರ ಒಂದೇ: "ಏಳನೇ ಕ್ಲಾಸಿನಲ್ಲಿ ಡ್ರಾಯಿಂಗ್ ಪೀರಿಯಡ್ ಇತ್ತು ಹಕೀಮ್ ಸಾಹೇಬರೇ, ಆಮೇಲೆ ಇಲ್ಲ." ಔಷಧಿಯ ಚೀಟಿಯ ಕೊನೆಯಲ್ಲಿ ನಾನು "ದಿನವೂ 10 ನಿಮಿಷ ಚಿತ್ರ" ಎಂದು ಬರೆದಾಗ ಕೆಲವರು ನಗುತ್ತಾರೆ. ನಗಲಿ. ಈ ಮಾತನ್ನು ನಾನೂ ಕಾಲೇಜಿನಲ್ಲಿ ಕಲಿತದ್ದಲ್ಲ. ನಮ್ಮ ಅಮ್ಮಿಯಿಂದ ಕಲಿತೆ. ಅದೂ ಒಂದು ತಪ್ಪು ಮಾಡಿದ ಮೇಲೆ.

ಅಮ್ಮಿಯ ಕ್ಯಾಲೆಂಡರ್ ಹಾಳೆಗಳು

ಅಬ್ಬಾ ತೀರಿಕೊಂಡಾಗ ಅಮ್ಮಿಗೆ 66 ವರ್ಷ. ನಮ್ಮ ಗಲ್ಲಿಯಲ್ಲಿ ಯಾವ ಮದುವೆಯಾದರೂ ವಧುವಿನ ಕೈಗೆ ಮೆಹಂದಿ ಹಾಕಲು ಅವರೇ ಬೇಕಿತ್ತು. ಕೋನ್ ಬರುವ ಮೊದಲು ಕಡ್ಡಿಯಲ್ಲೇ ಬಳ್ಳಿ ಎಳೆಯುತ್ತಿದ್ದವರು. ಈಗ ಇದ್ದತ್‌ನ 4 ತಿಂಗಳು 10 ದಿನ. ಮೆಹಂದಿ ಇಲ್ಲ, ಮದುವೆ ಮನೆ ಇಲ್ಲ, ಅಬ್ಬಾ ಇಲ್ಲ.

ಅಮ್ಮಿ ಗೋಡೆಗೆ ಒರಗಿ ಕುಳಿತವರು ಏಳುತ್ತಿರಲಿಲ್ಲ. ಮಗನಾಗಿ ನನಗೆ ಗಾಬರಿಯಾಯಿತು, ವೈದ್ಯನಾಗಿ ಔಷಧಿ ಕೊಟ್ಟೆ. ಖಮೀರಾ ಗಾವ್‌ಜಬಾನ್ ಕೊಟ್ಟೆ, ಲಘು ಆಹಾರ ಹೇಳಿದೆ. ಜೊತೆಗೆ ಮನೆಯವರಿಗೆಲ್ಲ ಒಂದು ಆಜ್ಞೆ ಹೊರಡಿಸಿದೆ: "ಅಮ್ಮಿಗೆ ಪೂರ್ತಿ ವಿಶ್ರಾಂತಿ ಬೇಕು. ಅಡುಗೆಮನೆಗೆ ಬಿಡಬೇಡಿ, ಬಟ್ಟೆ ಮಡಿಸಲೂ ಬಿಡಬೇಡಿ." ಕೈಯಲ್ಲಿದ್ದ ಸಣ್ಣಪುಟ್ಟ ಕೆಲಸವನ್ನೂ ನಾವು ಪ್ರೀತಿಯಿಂದಲೇ ಕಿತ್ತುಕೊಂಡೆವು. ಮೂರು ವಾರದಲ್ಲಿ ಇದ್ದ ನಿದ್ದೆಯೂ ಹೋಯಿತು.

ಒಂದು ಸಂಜೆ ನನ್ನ ಮಗಳು ಶಾಲೆಯ ಕೆಲಸ ಹಿಡಿದು ಅವರ ಬಳಿ ಕುಳಿತಳು. "ದಾದಿ, ಬಳ್ಳಿ ಹೇಗೆ ಬಿಡಿಸೋದು?" ಅಮ್ಮಿ ಮಾತಾಡಲಿಲ್ಲ. ಹಳೆಯ ತಿಂಗಳ ಕ್ಯಾಲೆಂಡರ್ ಹಾಳೆಯ ಬಿಳಿ ಬೆನ್ನಿನ ಮೇಲೆ ಒಂದು ಬಳ್ಳಿ ಎಳೆದರು, ಅದಕ್ಕೆ ಎರಡು ಎಲೆ. ಮರುದಿನ ಅವರೇ ಇನ್ನೊಂದು ಹಾಳೆ ಕೇಳಿದರು. ಮೂರನೆಯ ದಿನ ಕನ್ನಡಕ ಹುಡುಕಿದರು.

ನೆರೆಯ ಖಾಲಾ ಒಬ್ಬರು ನೋಡಿ, "ಇದ್ದತ್‌ನಲ್ಲಿ ಮೆಹಂದಿ ಡಿಸೈನಾ?" ಎಂದರು. ಅಮ್ಮಿ ಪೆನ್ಸಿಲ್ ಕೆಳಗಿಟ್ಟುಬಿಟ್ಟರು. ನಾನು ನಮ್ಮ ಮೊಹಲ್ಲಾದ ಖತೀಬರನ್ನು ಕೇಳಿಬಂದೆ. "ಮೈಗೆ ಹಚ್ಚಿಕೊಂಡರೆ ಅಲಂಕಾರ. ಕಾಗದದ ಮೇಲೆ ಎಳೆಯುವುದು ಅಲಂಕಾರ ಹೇಗಾಗುತ್ತದೆ? ಆಕೆಯನ್ನು ಅವರ ಪಾಡಿಗೆ ಬಿಡಿ" ಎಂದರು. ಅಂದಿನಿಂದ ಅಸರ್ ನಮಾಜಿನ ನಂತರ ದಿನಕ್ಕೊಂದು ಹಾಳೆ. ಮೂಲೆಯಲ್ಲಿ ತಾರೀಕು ಹಾಕುವುದು ಮೊಮ್ಮಗಳ ಕೆಲಸ.

ದುಃಖ ಹೋಗಿಬಿಡಲಿಲ್ಲ. ಆದರೆ ದಿನದಲ್ಲಿ ಕಾಯುವಂಥ ಒಂದು ಹೊತ್ತು ಅವರಿಗೆ ಸಿಕ್ಕಿತು. ನಿದ್ದೆ ಸ್ವಲ್ಪ ಸ್ವಲ್ಪವಾಗಿ ಮರಳಿತು.

ಯುನಾನಿ ಏನು ಹೇಳುತ್ತದೆ?

ನನ್ನ ತಪ್ಪು ಯಾವುದೆಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಆಧಾರಗಳಿವೆ, ಅಸ್ಬಾಬೆ ಸಿತ್ತಾ ಜರೂರಿಯಾ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ನಾಲ್ಕನೆಯದನ್ನು ಗಮನಿಸಿ: ಹರಕತ್ ಓ ಸುಕೂನೆ ನಫ್ಸಾನಿ. ಮನಸ್ಸಿಗೆ ಸುಕೂನ್ ಎಷ್ಟು ಬೇಕೋ ಹರಕತ್ ಕೂಡ ಅಷ್ಟೇ ಬೇಕು.

ಇಬ್ನ್ ಸೀನಾ (980–1037) ಮತ್ತು ಅವರ ಪರಂಪರೆಯ ಹಕೀಮರು ಭಾವನೆಗಳನ್ನು ಚಲನೆಯ ಲೆಕ್ಕದಲ್ಲೇ ನೋಡಿದರು. ಕೋಪದಲ್ಲಿ ದೇಹದ ಬಿಸಿ ಥಟ್ಟನೆ ಹೊರಕ್ಕೆ ನುಗ್ಗುತ್ತದೆ, ಸಂತೋಷದಲ್ಲಿ ಮೆಲ್ಲನೆ ಹೊರಕ್ಕೆ ಬರುತ್ತದೆ. ಭಯದಲ್ಲಿ ಥಟ್ಟನೆ ಒಳಕ್ಕೆ ಸೇರುತ್ತದೆ, ದುಃಖದಲ್ಲಿ ಮೆಲ್ಲಮೆಲ್ಲನೆ ಒಳಕ್ಕೆ ಸರಿಯುತ್ತದೆ. ಇಂದಿನ ಶರೀರಶಾಸ್ತ್ರ ಇದನ್ನು ಬೇರೆ ಮಾತುಗಳಲ್ಲಿ ಹೇಳುತ್ತದೆ. ಆದರೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವನಿಗೆ ಈ ಮಾತು ಅರ್ಥವಾಗುತ್ತದೆ. ದುಃಖದಿಂದ ಒಳಕ್ಕೆ ಸರಿದವರನ್ನು ನಾನು ಇನ್ನಷ್ಟು ಅಲುಗಾಡದಂತೆ ಕೂರಿಸಿದ್ದೆ. ಅವರಿಗೆ ಬೇಕಾಗಿದ್ದದ್ದು ಮೆಲ್ಲನೆ ಹೊರಗೆ ಕರೆತರುವ ಒಂದು ಕೆಲಸ. ಕಣ್ಣು, ಕೈ, ನೆನಪು ಮೂರೂ ಕೂಡಿ ಮಾಡುವ, ಆದರೆ ದಣಿವಾಗದ ಕೆಲಸ.

ಇತರರು ಕಂಡದ್ದು

1938ರಲ್ಲಿ ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಆರೋಗ್ಯಧಾಮ ಸೇರಿದ್ದರು. ಆಗ ಕ್ಷಯಕ್ಕೆ ಗುಣಪಡಿಸುವ ಮಾತ್ರೆಗಳಿರಲಿಲ್ಲ, ತಿಂಗಳುಗಟ್ಟಲೆ ಮಲಗಿರಬೇಕಿತ್ತು. ಹಿಲ್ ಹಾಸಿಗೆಯಲ್ಲೇ ಕಣ್ಣೆದುರಿಗಿದ್ದ ವಸ್ತುಗಳನ್ನು ಬಿಡಿಸತೊಡಗಿದರು. ಮುಂದೆ ಇತರ ರೋಗಿಗಳಿಗೂ ಕಲಿಸಿದರು. 'ಕಲಾ ಚಿಕಿತ್ಸೆ' ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದಲೇ.

2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 39 ವಯಸ್ಕರಿಗೆ 45 ನಿಮಿಷ ಮನಸ್ಸಿಗೆ ಬಂದದ್ದನ್ನು ಮಾಡಲು ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟರು. ಮೊದಲೂ ಆಮೇಲೂ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ನಾಲ್ಕರಲ್ಲಿ ಮೂರು ಮಂದಿಗೆ ಅದು ಇಳಿದಿತ್ತು. ಕಲೆ ಬಲ್ಲವರು, ಬಾರದವರು ಎಂಬ ಭೇದ ಅದರಲ್ಲಿ ಕಾಣಲಿಲ್ಲ. ಇದು ಚಿಕ್ಕ ಅಧ್ಯಯನ, ಚಿತ್ರ ಬಿಡಿಸದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿ ನೋಡಿದ್ದಲ್ಲ. ಹಾಗಾಗಿ ಚಿತ್ರದಿಂದ ಬಿಪಿ ಹೋಗುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒತ್ತಡ ತಗ್ಗಿಸುವ ಸುಲಭ ದಾರಿಗಳಲ್ಲಿ ಇದೂ ಒಂದು ಎಂದಷ್ಟೇ ತಿಳಿಯಿರಿ.

ನಮ್ಮ ಬಳಿಯೇ ಇರುವ ಅಭ್ಯಾಸ

ದಿನವೂ ಸ್ವಲ್ಪ, ಒಂದನ್ನೇ ಮತ್ತೆ ಮತ್ತೆ ಎಂಬುದು ನಮಗೆ ಹೊಸದಲ್ಲ. ಖತ್ತಾತಿ ಕಲಿಯುವವರು ಇದನ್ನು 'ಮಶ್ಕ್' ಎನ್ನುತ್ತಾರೆ. ಬಿದಿರು ಜಾತಿಯ ಕಡ್ಡಿಯ ಕಲಂ ಹಿಡಿದು, ಒಂದೇ ಅಕ್ಷರವನ್ನು ಪುಟ ತುಂಬಾ ಬರೆಯುವುದು. ಅಕ್ಷರದ ಎತ್ತರ, ಅಗಲ ಎಲ್ಲಕ್ಕೂ ಆ ಕಲಂ ಇಟ್ಟ ನುಕ್ತೆಯೇ ಅಳತೆ. ಬಗ್ದಾದಿನ ಇಬ್ನ್ ಮುಕ್ಲಾ ಹತ್ತನೆಯ ಶತಮಾನದಲ್ಲಿ ಹಾಕಿಕೊಟ್ಟರೆನ್ನಲಾದ ಈ ಅಳತೆಯನ್ನು ಇಂದಿಗೂ ಬಳಸುತ್ತಾರೆ.

ಬೀದರಿಗೆ ಹೋದರೆ ಬಿದ್ರಿ ಕೆಲಸಗಾರರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಬನ್ನಿ. ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಮೊಳೆಯಂಥ ಉಪಕರಣದಿಂದ ಹೂಬಳ್ಳಿಯನ್ನು ಕೈಯಿಂದಲೇ ಗೀರುತ್ತಾರೆ. ಆಮೇಲೆ ಉಳಿಯಿಂದ ಕೊರೆದು ಬೆಳ್ಳಿ ಕೂರಿಸುತ್ತಾರೆ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಲ್ಲಿ ಪಾತ್ರೆ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಈ ಕಲೆಗೆ 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರು ಬೀದರಿನವರೇ. ನೀವು ಅಷ್ಟು ದೊಡ್ಡ ಕಲಾವಿದರಾಗಬೇಕಿಲ್ಲ. ಅವರ ಒಂದು ಗುಣ ಸಾಕು: ನಿನ್ನೆ ಕೂತ ಜಾಗದಲ್ಲಿ ಇವತ್ತೂ ಕೂರುವುದು.

ಹಾಳೆಗಳು ಹೇಳಿದ ಸುದ್ದಿ

ಈಗ ನಾನು ಈ ಲೇಖನ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ.

ಇದ್ದತ್ ಮುಗಿದ ಮೇಲೂ ಅಮ್ಮಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸುಮಾರು 10 ತಿಂಗಳಾದಾಗ ಎಲ್ಲ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿಕೊಡೋಣ ಎಂದು ತಾರೀಕಿನ ಪ್ರಕಾರ ಜೋಡಿಸಿದೆ. ಜೋಡಿಸುತ್ತಾ ಹೋದಂತೆ ಕೈ ತಡೆಯಿತು. ಮೊದಲ ಹಾಳೆಗಳಲ್ಲಿ ಎಲೆ ಹೆಬ್ಬೆರಳಿನಷ್ಟಿತ್ತು. ಕೊನೆಯ ಹಾಳೆಗಳಲ್ಲಿ ಜೀರಿಗೆಯಷ್ಟು. ಬಳ್ಳಿ ಶುರುವಾಗುವಲ್ಲಿ ದೊಡ್ಡದಾಗಿದ್ದು, ಹೋಗ್ತಾ ಹೋಗ್ತಾ ಮುದುಡಿಕೊಂಡಿತ್ತು. ದಿನದಿನವೂ ನೋಡುತ್ತಿದ್ದ ನಮಗೆ ಯಾರಿಗೂ ಅದು ಕಂಡಿರಲಿಲ್ಲ.

ಬರಹ ಹೀಗೆ ಚಿಕ್ಕದಾಗುತ್ತಾ ಹೋಗುವುದು ಪಾರ್ಕಿನ್ಸನ್ ಕಾಯಿಲೆಯ ಮೊದಮೊದಲ ಲಕ್ಷಣಗಳಲ್ಲಿ ಒಂದು. ನಡುಕಕ್ಕೆ ನಮ್ಮಲ್ಲಿ 'ರಅಶಾ' ಎನ್ನುತ್ತಾರೆ. ಅಮ್ಮಿಗೆ ನಡುಕವೇ ಇರಲಿಲ್ಲ, ಹಾಗಾಗಿ ನನಗೆ ಸಂಶಯವೇ ಬಂದಿರಲಿಲ್ಲ. ನಡಿಗೆ ನಿಧಾನವಾದದ್ದು, ಮುಖದಲ್ಲಿ ನಗು ಮೂಡದಿದ್ದದ್ದು, ಮಾತು ಮೆತ್ತಗಾದದ್ದು ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಬರೆದಿದ್ದೆ. ನರರೋಗ ತಜ್ಞರಿಗೆ ತೋರಿಸಿದೆವು. ಅವರು ಅಮ್ಮಿಯನ್ನು ನಡೆಸಿ ನೋಡಿದರು. ಬಲಗೈ ಬೀಸುತ್ತಿರಲಿಲ್ಲ. ಪಾರ್ಕಿನ್ಸನ್ ಎಂದೇ ಆಯಿತು.

ಈಗ ಅವರು ಕೊಟ್ಟ ಮಾತ್ರೆಗಳನ್ನು ಅಮ್ಮಿ ತಪ್ಪದೆ ನುಂಗುತ್ತಾರೆ. ನಡಿಗೆ ಹಗುರಾಗಿದೆ. ಅದು ಮಾತ್ರೆಯ ಗುಣ, ಚಿತ್ರದ್ದಲ್ಲ. ಆದರೆ ಆ ಹಾಳೆಗಳಿಲ್ಲದಿದ್ದರೆ ನಾನು ಇನ್ನೂ ಒಂದೆರಡು ವರ್ಷ "ಅಬ್ಬಾ ನೆನಪಲ್ಲಿ ಹೀಗಾಗಿದ್ದಾರೆ" ಎನ್ನುತ್ತಲೇ ಇರುತ್ತಿದ್ದೆನೇನೋ. ಈಗ ಅಗಲವಾದ ಗೆರೆ ಹಾಕಿದ ಪುಟ ಕೊಡುತ್ತೇವೆ. ಎರಡು ಗೆರೆ ಮುಟ್ಟುವ ಹಾಗೆ ಎಲೆ ಬಿಡಿಸಬೇಕು. ಕಣ್ಣಿಗೆ ಗುರುತು ಸಿಕ್ಕರೆ ಈ ಕಾಯಿಲೆಯಲ್ಲಿ ಕೈಯ ಅಳತೆ ಸುಧಾರಿಸುತ್ತದೆ. ಎಲೆ ಮತ್ತೆ ಹೆಬ್ಬೆರಳಿನಷ್ಟಾಗಿದೆ, ಕೆಲವು ದಿನ.

ನೀವು ಹೇಗೆ ಶುರುಮಾಡಬೇಕು?

• ಅಂಗೈ ಅಗಲದ ಚಿಕ್ಕ ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ದೊಡ್ಡ ಹಾಳೆ ಹೆದರಿಸುತ್ತದೆ.

• ಹೊತ್ತು ಗೊತ್ತುಮಾಡಿ. ಫಜರ್ ನಂತರ ಚಹಾ ಕುದಿಯುವ ಹೊತ್ತೋ, ಅಸರ್ ನಂತರವೋ. ಆಗಲೇ ಇರುವ ಅಭ್ಯಾಸಕ್ಕೆ ಕಟ್ಟಿದರೆ ಹೊಸ ಅಭ್ಯಾಸ ನಿಲ್ಲುತ್ತದೆ.

• 10 ನಿಮಿಷವಾದರೆ ಎದ್ದುಬಿಡಿ. ಮುಗಿಯದಿದ್ದರೆ ನಾಳೆ.

• ಏನು ಬಿಡಿಸಬೇಕೆಂದು ಯೋಚಿಸುತ್ತಾ ಕೂರಬೇಡಿ. ಎದುರಿಗಿರುವ ಲೋಟ, ಬೀಗದ ಕೈ, ನಿಂಬೆಹಣ್ಣು, ಕರಿಬೇವಿನ ಎಸಳು, ಚಪ್ಪಲಿ, ಮಸೀದಿಯ ಕಿಟಕಿಯ ಜಾಲಿ. ಜೀವಿಗಳ ಚಿತ್ರ ಬೇಡವೆನ್ನುವವರಿಗೂ ಇದರಲ್ಲಿ ಒಂದು ಆಯುಷ್ಯಕ್ಕಾಗುವಷ್ಟು ವಿಷಯವಿದೆ.

• ರಬ್ಬರ್ ಬಳಸಬೇಡಿ. ತಪ್ಪಿದ ಗೆರೆಯೂ ಇರಲಿ. ಮೂಲೆಯಲ್ಲಿ ತಾರೀಕು ಮಾತ್ರ ಮರೆಯಬೇಡಿ. ಯಾಕೆಂದು ಈಗ ನಿಮಗೆ ಗೊತ್ತು.

• ವಾರಕ್ಕೊಮ್ಮೆ ಅದನ್ನೇ ಒಂದು ಸಣ್ಣ ಕೃತಿಯಾಗಿಸಿ. ಪುಸ್ತಕದ ನಡುವೆ ಇಡುವ ಗುರುತಿನ ಪಟ್ಟಿ, ಈದ್ ಕಾರ್ಡ್, ಮಣ್ಣಿನ ಕುಂಡದ ಮೇಲೊಂದು ಬಳ್ಳಿ. ಯಾರಿಗಾದರೂ ಕೊಟ್ಟುಬಿಡಿ.

• ಮಕ್ಕಳ ಎದುರಿಗೆ "ನನಗೆ ಬರುವುದಿಲ್ಲ" ಎನ್ನಬೇಡಿ. ಜೊತೆಗೆ ಕೂರಿಸಿಕೊಳ್ಳಿ. ಅಷ್ಟು ಹೊತ್ತು ಮೊಬೈಲ್ ಕೈಯಲ್ಲಿರುವುದಿಲ್ಲ.

ಶುಚಿತ್ವ ಮತ್ತು ಎಚ್ಚರ

ಪೆನ್ಸಿಲಿನ ಕಡ್ಡಿಯಲ್ಲಿ ಸೀಸ ಇಲ್ಲ, ಅದು ಗ್ರಾಫೈಟ್ ಮತ್ತು ಜೇಡಿಮಣ್ಣು. ಬಣ್ಣಗಳ ಮಾತು ಹಾಗಲ್ಲ. ಕೆಲವು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಅಥವಾ ಕ್ಯಾಡ್ಮಿಯಂ ಇರುತ್ತದೆ. ಮಕ್ಕಳಿಗೆ ವಿಷಕಾರಿಯಲ್ಲ ಎಂದು ನಮೂದಿಸಿದ ಬಣ್ಣವನ್ನೇ ತನ್ನಿ. ಅಡುಗೆಯ ಲೋಟದಲ್ಲಿ ಬ್ರಷ್ ತೊಳೆಯಬೇಡಿ. ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ, ಉಗುರಿನ ಸಂದನ್ನೂ.

ಬ್ರಷ್‌ನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಾಳಿ ಬೇಡವೇ ಬೇಡ. ನೂರು ವರ್ಷಗಳ ಹಿಂದೆ ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಹೀಗೆಯೇ ಮಾಡಿ, ದವಡೆಯ ಮೂಳೆ ಕೊಳೆತು ಪ್ರಾಣ ಕಳೆದುಕೊಂಡರು.

ಮೆಹಂದಿ ಬಿಡಿಸುವ ಹೆಣ್ಣುಮಕ್ಕಳು ಕಪ್ಪು ಮೆಹಂದಿಯಿಂದ ದೂರವಿರಿ. ಗೋರಂಟಿ ಎಲೆಯ ಬಣ್ಣ ಕಿತ್ತಳೆಯಿಂದ ಕಂದಿಗೆ ತಿರುಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಪ್ಪು ಹಿಡಿಯುವುದರಲ್ಲಿ ಹೆಚ್ಚಾಗಿ ಕೂದಲಿನ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಅದರಿಂದ ಚರ್ಮ ಬೊಬ್ಬೆಯೇಳಬಹುದು.

ಬೆಳಕು ಬಲಗೈಯವರಿಗೆ ಎಡದಿಂದ ಬೀಳಲಿ. ಕತ್ತು ಬಗ್ಗಿಸಿ ಬಹಳ ಹೊತ್ತು ಕೂರಬೇಡಿ, ನಡುನಡುವೆ ದೂರದ ಮರವನ್ನೋ ಮಿನಾರನ್ನೋ ನೋಡಿ ಕಣ್ಣಿಗೆ ಬಿಡುವು ಕೊಡಿ.

ಕೊನೆಯದಾಗಿ, ಎರಡು ವಾರ ದಾಟಿದ ನಿದ್ರಾಹೀನತೆ, ಬದುಕೇ ಬೇಡವೆನಿಸುವುದು, ಕೈ ನಿಧಾನವಾಗುವುದು, ಬರಹ ಚಿಕ್ಕದಾಗುವುದು, ಇವುಗಳಲ್ಲಿ ಯಾವುದಿದ್ದರೂ ನೋಟ್‌ಬುಕ್ ಹಿಡಿದು ಕೂರಬೇಡಿ. ಅದನ್ನು ಎತ್ತಿಕೊಂಡು ವೈದ್ಯರ ಬಳಿ ಹೋಗಿ. ನಡೆಯುತ್ತಿರುವ ಔಷಧಿಯನ್ನು ನಿಲ್ಲಿಸಲೂಬೇಡಿ.

ಹಾಗೇನೂ ಇಲ್ಲದವರು ಇವತ್ತೇ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ತಿರುವಿಹಾಕಿ. ಮನೆಯಲ್ಲಿ ಗೋಡೆಗೆ ಒರಗಿ ಕುಳಿತ ಹಿರಿಯರಿದ್ದರೆ ಅವರ ಕೈಗೊಂದು ಪೆನ್ಸಿಲ್ ಕೊಟ್ಟು, ಬಳ್ಳಿ ಹೇಗೆ ಬಿಡಿಸುವುದೆಂದು ಕೇಳಿ.