ಮೊದಲ ಮೆಟ್ಟಿಲಿನ ಎತ್ತರ

ಪುಣೆಯ ಹಡಪ್ಸರಕ್ಕೆ ಸೇರಿದ ಮಗರಪಟ್ಟಾದಂತಹ ನಗರಿಗೆ ಬಸ್ಸಿನ ಅವಶ್ಯಕತೆಯೇ ಇಲ್ಲವೆಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತದೆ. ಸುಮಾರು 120 ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಭೂಮಿಯನ್ನು ಪರರಿಗೆ ಮಾರಿಬಿಡದೆ ಒಟ್ಟುಗೂಡಿಸಿ, 2000ದ ಸುಮಾರಿಗೆ ಕಟ್ಟಲಾರಂಭಿಸಿದ ಈ ನಗರಿಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಕಚೇರಿಗಳು ನಡೆದು ಹೋಗುವಷ್ಟು ಸಮೀಪದಲ್ಲಿರುವುದು ನಿಜ. ಆ ಸಾಹಸವು ಗೌರವಾರ್ಹವೂ ಹೌದು. ಆದರೆ ಆ ಮನೆಗಳ ಪಾತ್ರೆ ತೊಳೆಯುವವರು, ಗೇಟು ಕಾಯುವವರು, ಕಚೇರಿಗಳ ನೆಲ ಒರೆಸುವವರು ಅಲ್ಲಿಯೇ ಬಾಡಿಗೆ ಹಿಡಿಯಬಲ್ಲವರಲ್ಲ. ನಿತ್ಯವೂ ಹೊರಗಿನಿಂದ ಬಂದು ಹೋಗತಕ್ಕವರು. ನಮ್ಮ ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಮೆಯನ್ನರಸಿ ಹೊರಟವರನ್ನು ಪುಣೆಗೆ ತಂದು ಮುಟ್ಟಿಸುವ ಸೊಲ್ಲಾಪುರ ರಸ್ತೆಯೂ ಹಡಪ್ಸರವನ್ನು ಹಾದೇ ಬರುತ್ತದೆ.

ತಗ್ಗು ನೆಲದ ಬಸ್ಸು ಗಾಲಿಕುರ್ಚಿಯ ಕೆಲವರಿಗಾಗಿ ಮಾತ್ರವೆಂಬುದು ಎರಡನೆಯ ಭ್ರಮೆ. ಹಳೆಯ ಮಾದರಿಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು 900 ಮಿಲಿಮೀಟರ್ ಮೇಲಿದ್ದರೆ, ತಗ್ಗು ನೆಲದ್ದು ಸುಮಾರು 400. ಈ ಅಂತರದ ಅರ್ಥವನ್ನು ತಿಳಿಯಬೇಕಾದರೆ ಹಡಪ್ಸರದ ಗಾಡಿತಳ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಒಂದರ್ಧ ಗಂಟೆ ನಿಂತು ನೋಡಬೇಕು: ಕೈಚೀಲವನ್ನು ಮೊದಲು ಮೇಲಿಟ್ಟು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಿಂದ ಬಾಗಿಲ ಸರಳನ್ನು ಜಗ್ಗಿ, ನೋಯುವ ಮಂಡಿಯನ್ನು ಮೆಟ್ಟಿಲಿಗೇರಿಸುವ ಮುದುಕಿ, ಅವಳ ಬೆನ್ನಿಗೆ, ಕೂಸನ್ನು ಕಂಕುಳಲ್ಲಿ ಹೊತ್ತ ಬಸುರಿ. ಇವರಾರೂ ಅಂಗವಿಕಲರ ಪಟ್ಟಿಯಲ್ಲಿಲ್ಲ. ಬಸ್ಸು ಕಾಲುದಾರಿಯಿಂದ ಎರಡು ಮಾರು ದೂರದಲ್ಲಿ ನಿಂತುಬಿಟ್ಟರಂತೂ ತಗ್ಗಿಸಿದ ನೆಲದಿಂದ ಬಂದ ಲಾಭವೂ ಅಲ್ಲಿಯೇ ಕರಗಿಹೋಗುತ್ತದೆ. ಆದಕಾರಣವೇ ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ವಾಹನವೊಂದನ್ನೇ ಅಲ್ಲದೆ, ಬಸ್ ನಿಲ್ದಾಣ, ಟಿಕೆಟ್ ಕಟ್ಟೆ, ಶೌಚಾಲಯಗಳನ್ನೂ ಸುಗಮವಾಗಿರಿಸಬೇಕೆಂದು ವಿಧಿಸಿದೆ.

ಬಸ್ಸಿಗೇ ಮೀಸಲಾದ ಪಥವು ಇತರರ ರಸ್ತೆಯನ್ನು ಕಸಿದುಕೊಳ್ಳುವುದೆಂಬ ದೂರಂತೂ ಇಲ್ಲಿ ಹಳೆಯದು. ಸುಮಾರು ಮೂರು ಕಾರುಗಳ ಜಾಗದಲ್ಲಿ ಒಂದು ಬಸ್ಸು ಕುಳಿತವರನ್ನೇ ನಲವತ್ತರಷ್ಟು ಒಯ್ಯುವಾಗ, ಕಸಿದವರು ಯಾರೆಂಬುದನ್ನು ಲೆಕ್ಕವೇ ಹೇಳುತ್ತದೆ. 2006ರಲ್ಲಿ ಪುಣೆಯ ಕಾತ್ರಜ, ಸ್ವಾರಗೇಟು, ಹಡಪ್ಸರಗಳ ನಡುವೆ ದೇಶಕ್ಕೇ ಮೊದಲನೆಯದಾಗಿ ಇಂತಹ ಪಥವನ್ನು ತೆರೆದರು. ಅದು ಸೊರಗಿದುದನ್ನು ಕಂಡು ಈ ಪದ್ಧತಿಯೇ ನಮಗೆ ಒಗ್ಗದೆಂದವರು ಬಹುಮಂದಿ. ಆದರೆ ಬೊಗೊಟಾ ನಗರದಲ್ಲಿ 2000ದಿಂದಲೂ ಅದು ನಡೆದುಬಂದಿದೆ. ಪುಣೆಯಲ್ಲಾದರೋ ಪಥವು ನಡುನಡುವೆ ತುಂಡಾಯಿತು, ಖಾಸಗಿ ವಾಹನಗಳು ಅದರೊಳಕ್ಕೆ ನುಗ್ಗಿದವು; ನಿಲ್ದಾಣಗಳನ್ನು ರಸ್ತೆಯ ನಟ್ಟನಡುವೆ ಇಟ್ಟುದರಿಂದ, ಬಸ್ಸನ್ನು ಸೇರಬೇಕಾದವರು ಮೊದಲು ನುಗ್ಗಿಬರುವ ವಾಹನಗಳ ಸಾಲನ್ನು ದಾಟಬೇಕಾಯಿತು. ಆ ಮುದುಕಿಯು ಮೆಟ್ಟಿಲನ್ನು ಮುಟ್ಟುವ ಮುನ್ನವೇ ಅವಳಿಗೊಂದು ಸುರಕ್ಷಿತವಾದ ದಾಟುದಾರಿ ಬೇಕಾಗಿತ್ತು.