ಈವೆಂಟ್ ಟ್ರ್ಯಾಕಿಂಗ್ (ಜಾಲತಾಣ ವಿಶ್ಲೇಷಣೆ)

ಈವೆಂಟ್ ಟ್ರ್ಯಾಕಿಂಗ್ ಎಂಬುದು ಜಾಲತಾಣಕ್ಕೆ ಭೇಟಿ ನೀಡುವವರು ಪುಟದೊಳಗೆ ನಡೆಸುವ ಕ್ರಿಯೆಗಳನ್ನು ದಾಖಲಿಸುವ ವಿಧಾನವಾಗಿದೆ. ಬಟನ್ ಒತ್ತುವುದು, ಕಡತವನ್ನು ಇಳಿಸಿಕೊಳ್ಳುವುದು, ವಿಡಿಯೊ ವೀಕ್ಷಿಸುವುದು, ಅರ್ಜಿ ನಮೂನೆಯನ್ನು ಸಲ್ಲಿಸುವುದು ಮುಂತಾದ ಕ್ರಿಯೆಗಳನ್ನು 'ಈವೆಂಟ್' ಎಂದು ಕರೆಯಲಾಗುತ್ತದೆ. ವರ್ಡ್‌ಪ್ರೆಸ್‌ನಂತಹ ವ್ಯವಸ್ಥೆಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಪ್ಲಗಿನ್‌ಗಳು ನಿರ್ವಹಿಸುತ್ತವೆ. ಪ್ಲಗಿನ್ ನವೀಕರಣದ ನಂತರ ದಾಖಲಾತಿ ನಿಂತುಹೋಗುವುದು ಅಥವಾ ಇಮ್ಮಡಿಯಾಗುವುದು ಉಂಟು. ಪುಟದ ಉಳಿದ ಕಾರ್ಯಗಳು ಎಂದಿನಂತೆ ನಡೆಯುವುದರಿಂದ ಈ ದೋಷವು ಬಹುಕಾಲ ಗಮನಕ್ಕೆ ಬಾರದಿರಬಹುದು.

ಹಿನ್ನೆಲೆ

ಗೂಗಲ್ ಸಂಸ್ಥೆಯು 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡುಕೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಸೇವೆಯನ್ನು ಆರಂಭಿಸಿತು. ಈ ಸೇವೆಯ ಜಾವಾಸ್ಕ್ರಿಪ್ಟ್ ಸಂಕೇತವು ಜಿಎ.ಜೆಎಸ್, ಅನಲಿಟಿಕ್ಸ್.ಜೆಎಸ್, ಜಿಟ್ಯಾಗ್.ಜೆಎಸ್ ಎಂಬ ಹಂತಗಳನ್ನು ದಾಟಿ ಬಂದಿದೆ. ಗೂಗಲ್ ಅನಲಿಟಿಕ್ಸ್ 4 ಎಂಬ ಆವೃತ್ತಿಯು 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಅದಕ್ಕೂ ಹಿಂದಿನ ಯೂನಿವರ್ಸಲ್ ಅನಲಿಟಿಕ್ಸ್‌ನ ಉಚಿತ ಆವೃತ್ತಿಯು 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸಿತು.

ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಈವೆಂಟನ್ನು ವರ್ಗ, ಕ್ರಿಯೆ, ಲೇಬಲ್ ಮತ್ತು ಮೌಲ್ಯ ಎಂಬ ನಾಲ್ಕು ಅಂಶಗಳಿಂದ ಗುರುತಿಸಲಾಗುತ್ತಿತ್ತು. ಗೂಗಲ್ ಅನಲಿಟಿಕ್ಸ್ 4ರಲ್ಲಿ ಈವೆಂಟಿನ ಹೆಸರು ಹಾಗೂ ಅದರ ನಿಯತಾಂಕಗಳು ಮಾತ್ರ ಇರುತ್ತವೆ.

ದೋಷದ ಕಾರಣಗಳು

ಹಳೆಯ ಆದೇಶ: ಪ್ಲಗಿನ್ ಹೊಸ ಗ್ರಂಥಾಲಯಕ್ಕೆ ಬದಲಾದರೂ ಪುಟಗಳಲ್ಲಿ ಕೈಯಾರೆ ಬರೆದ ಆದೇಶಗಳು ಹಳೆಯ ರೂಪದಲ್ಲೇ ಉಳಿಯುತ್ತವೆ. ಜಿಎ.ಜೆಎಸ್ ಕಾಲದಲ್ಲಿ ಆದೇಶಗಳನ್ನು ಒಂದು ಸರಣಿಗೆ ಸೇರಿಸಲಾಗುತ್ತಿತ್ತು; ಗ್ರಂಥಾಲಯವು ಅವುಗಳನ್ನು ಓದಿ ಸರ್ವರ್‌ಗೆ ಕಳುಹಿಸುತ್ತಿತ್ತು. ಗ್ರಂಥಾಲಯವಿಲ್ಲದೆ ಸರಣಿ ಮಾತ್ರ ಉಳಿದರೆ ಆದೇಶಗಳು ಅಲ್ಲಿಯೇ ಶೇಖರವಾಗುತ್ತವೆ, ದೋಷಸೂಚನೆಯೂ ಕಾಣಿಸುವುದಿಲ್ಲ. ಸರಣಿಯೂ ಇಲ್ಲದಿದ್ದರೆ ಬ್ರೌಸರ್‌ನ ಕನ್ಸೋಲ್‌ನಲ್ಲಿ ದೋಷಸೂಚನೆ ಮೂಡುತ್ತದೆ.

ಬದಲಾದ ಗುರುತುಗಳು: ಬಟನ್‌ನ ಸಿಎಸ್‌ಎಸ್ ಕ್ಲಾಸ್ ಅಥವಾ ಐಡಿ ಬದಲಾದರೆ, ಅದನ್ನು ಅವಲಂಬಿಸಿದ ಈವೆಂಟ್ ದಾಖಲಾಗುವುದಿಲ್ಲ.

ಕ್ಯಾಶ್: ಕ್ಯಾಶ್ ಪ್ಲಗಿನ್‌ಗಳು ನವೀಕರಣಕ್ಕೆ ಮುಂಚಿನ ಪುಟವನ್ನೇ ನೀಡುತ್ತಿರಬಹುದು. ಸ್ಕ್ರಿಪ್ಟ್‌ಗಳನ್ನು ಒಗ್ಗೂಡಿಸುವ ಅಥವಾ ತಡವಾಗಿ ಚಲಾಯಿಸುವ ಸೌಲಭ್ಯಗಳಿಂದ ಅವುಗಳ ಅನುಕ್ರಮವೂ ತಪ್ಪಬಹುದು.

ಎರಡು ಮೂಲಗಳು: ಪ್ಲಗಿನ್ ಮತ್ತು ಟ್ಯಾಗ್ ಮ್ಯಾನೇಜರ್ ಎರಡೂ ಒಂದೇ ಸಂಕೇತವನ್ನು ಅಳವಡಿಸಿದರೆ ಪ್ರತಿ ಈವೆಂಟ್ ಎರಡು ಬಾರಿ ಎಣಿಕೆಯಾಗುತ್ತದೆ.

ದೋಷ ಪತ್ತೆ

ಪರೀಕ್ಷೆಯನ್ನು ಪುಟದಿಂದ ವರದಿಯ ಕಡೆಗೆ ಕ್ರಮವಾಗಿ ನಡೆಸಲಾಗುತ್ತದೆ.

1. ಲಾಗಿನ್ ಆಗದ, ಜಾಹೀರಾತು ತಡೆ ಇಲ್ಲದ ಬ್ರೌಸರ್ ಕಿಟಕಿಯನ್ನು ಬಳಸಬೇಕು. ಅನೇಕ ಪ್ಲಗಿನ್‌ಗಳು ನಿರ್ವಾಹಕರ ಭೇಟಿಯನ್ನು ಎಣಿಸುವುದಿಲ್ಲ. ಕುಕಿ ಸಮ್ಮತಿ ಕೇಳುವ ತಾಣವಾದರೆ ಸಮ್ಮತಿಯನ್ನೂ ನೀಡಬೇಕು.
2. ಕ್ಯಾಶ್ ಅಳಿಸಿ, ಪುಟದ ಮೂಲದಲ್ಲಿ ಯಾವ ಗ್ರಂಥಾಲಯವಿದೆ, ಎಷ್ಟು ಬಾರಿ ಇದೆ ಮತ್ತು ಅಳತೆಯ ಐಡಿ ಸರಿಯಿದೆಯೇ ಎಂಬುದನ್ನು ನೋಡಬೇಕು.
3. ಕನ್ಸೋಲ್‌ನಲ್ಲಿ ದೋಷಸೂಚನೆಗಳಿವೆಯೇ ಎಂದು ಪರಿಶೀಲಿಸಬೇಕು.
4. ನೆಟ್‌ವರ್ಕ್ ಫಲಕವನ್ನು ತೆರೆದಿಟ್ಟು ಬಟನ್ ಒತ್ತಬೇಕು. 'ಕಲೆಕ್ಟ್' ಎಂಬ ಪದವುಳ್ಳ ವಿಳಾಸಕ್ಕೆ ಆ ಈವೆಂಟಿನ ಹೆಸರನ್ನು ಹೊತ್ತ ಕೋರಿಕೆ ಹೋಗದಿದ್ದರೆ ದೋಷವು ಬಹುಮಟ್ಟಿಗೆ ಪುಟದಲ್ಲಿಯೇ ಇದೆ. ಕೆಲವು ಈವೆಂಟ್‌ಗಳು ಒಟ್ಟಾಗಿ, ತುಸು ತಡವಾಗಿ ಹೋಗುವುದರಿಂದ ಕೆಲವು ಸೆಕೆಂಡು ಕಾಯಬೇಕು.
5. ಕೋರಿಕೆ ಹೋಗಿದ್ದರೆ ರಿಯಲ್‌ಟೈಮ್ ವರದಿ ಅಥವಾ ಡೀಬಗ್‌ವ್ಯೂನಲ್ಲಿ ಅದನ್ನು ಹುಡುಕಬೇಕು. ಸಾಮಾನ್ಯ ವರದಿಗಳು ಸಿದ್ಧವಾಗಲು 24ರಿಂದ 48 ಗಂಟೆಗಳು ಹಿಡಿಯಬಹುದು. ಆದ್ದರಿಂದ ಅವು ತಕ್ಷಣದ ಪರೀಕ್ಷೆಗೆ ಒದಗುವುದಿಲ್ಲ.

ದತ್ತಾಂಶದ ಮೇಲಿನ ಪರಿಣಾಮ

ದಾಖಲಾತಿ ನಿಂತಾಗ ವರದಿಯು 'ದೋಷ' ಎಂದು ಹೇಳುವುದಿಲ್ಲ. ಸಂಖ್ಯೆ ಇಳಿದಿರುವುದನ್ನು ಮಾತ್ರ ತೋರಿಸುತ್ತದೆ. ಅದನ್ನು ಬಳಕೆದಾರರ ಆಸಕ್ತಿ ಕುಂದಿದ ಲಕ್ಷಣವೆಂದು ತಿಳಿದು, ಉಪಯುಕ್ತವಾದ ಪುಟವನ್ನೋ ಸೇವೆಯನ್ನೋ ಕೈಬಿಡುವ ಅಪಾಯವಿದೆ. ಪುಟ ವೀಕ್ಷಣೆಗಳು ಎಂದಿನಂತಿದ್ದು ಈವೆಂಟ್‌ಗಳು ಮಾತ್ರ ಒಂದೇ ದಿನದಲ್ಲಿ ಕುಸಿದಿದ್ದರೆ, ಅಥವಾ ನಿಖರವಾಗಿ ಇಮ್ಮಡಿಯಾಗಿದ್ದರೆ, ತಾಂತ್ರಿಕ ಕಾರಣವನ್ನು ಮೊದಲು ಶಂಕಿಸಬೇಕು.

ಬ್ರೌಸರ್‌ನಿಂದ ಹೊರಡದ ಈವೆಂಟನ್ನು ವಿಶ್ಲೇಷಣಾ ಸೇವೆಯಿಂದ ಮರಳಿ ಪಡೆಯಲಾಗದು. ತಾಣದ ಸರ್ವರ್‌ನಿಂದಲೇ ಇಳಿಸಿಕೊಂಡ ಕಡತಗಳ ಲೆಕ್ಕವನ್ನು ಸರ್ವರ್ ಲಾಗ್‌ನಿಂದ ಭಾಗಶಃ ಪಡೆಯಬಹುದಾದರೂ, ಪುಟದೊಳಗಿನ ಕ್ಲಿಕ್‌ಗಳ ಗುರುತು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ಕಾರಣದಿಂದ ನವೀಕರಣವನ್ನು ಮೊದಲು ಪರೀಕ್ಷಾ ತಾಣದಲ್ಲಿ ಅಳವಡಿಸುವುದು, ಮುಖ್ಯ ಈವೆಂಟ್‌ಗಳ ಪಟ್ಟಿಯನ್ನು ಇಟ್ಟುಕೊಂಡು ಪ್ರತಿ ನವೀಕರಣದ ದಿನವೇ ಪರೀಕ್ಷಿಸುವುದು ಮತ್ತು ನವೀಕರಣದ ದಿನಾಂಕವನ್ನು ಬರೆದಿಡುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆಗಳಾಗಿವೆ.