ಸುಣ್ಣ, ಜಾಜು, ಲಂಟಾನ: ಹಳೆಯ ಮನೆಗೆ ಹೊಸ ಕಳೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಕಟ್ಟಿದ ಮನೆಯನ್ನು ವರ್ಷವರ್ಷವೂ ಚೆಂದವಾಗಿ ಇಟ್ಟುಕೊಳ್ಳುವುದೂ ಸುಲಭದ ಮಾತಲ್ಲ. ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಹಬ್ಬವೋ ಮದುವೆಯೋ ಹತ್ತಿರ ಬಂತೆಂದರೆ ಪೇಂಟಿನ ಅಂಗಡಿಯ ಬಣ್ಣದ ಪಟ್ಟಿ ಮನೆಗೆ ಬರುತ್ತದೆ. ಬಣ್ಣದ ಬೆಲೆ, ಆಳಿನ ಕೂಲಿ ಎರಡನ್ನೂ ಕೂಡಿಸಿದಾಗ ಮಕ್ಕಳ ಶಾಲೆಯ ಶುಲ್ಕ, ಪುಸ್ತಕದ ಖರ್ಚು ನೆನಪಾಗಿ ಮನೆಯ ಯಜಮಾನ ಪಟ್ಟಿಯನ್ನು ಮಡಿಸಿಡುತ್ತಾನೆ. ಇಲ್ಲವೇ ಸಾಲ ಮಾಡುತ್ತಾನೆ.

ಎರಡೂ ಬೇಕಿಲ್ಲ. ಮನೆಗೆ ಕಳೆ ಬರುವುದು ಮುಖ್ಯವಾಗಿ ಬೆಳಕಿನಿಂದ ಮತ್ತು ಒಣಗಿದ, ಶುಚಿಯಾದ ಗೋಡೆಯಿಂದ. ಇವೆರಡಕ್ಕೂ ಬೇಕಾದ ಸಾಮಗ್ರಿ ಈ ಸೀಮೆಯಲ್ಲೇ ಉಂಟು. ಅಜ್ಜ ಅಜ್ಜಿಯರು ಅದನ್ನು ಬಳಸುತ್ತಿದ್ದರು. ಅದು ಏಕೆ ಫಲ ಕೊಡುತ್ತಿತ್ತು ಎಂಬುದಕ್ಕೆ ಉತ್ತರ ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲೇ ಇದೆ.

ಗೋಡೆಯ ಮೇಲೆ ಕಲ್ಲಾಗುವ ಸುಣ್ಣ

ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಗೋಡೆಯ ಮೇಲೆ ನಡೆಯುವುದೂ ಅದೇ ಕ್ರಿಯೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಸೇರಿದಾಗ ಅದು ಕೊತಕೊತನೆ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಿನ ಪದರವೇ ಆಗುತ್ತದೆ. ಬಳಿದ ದಿನ ಮಂಕಾಗಿ ಕಾಣುವ ಗೋಡೆ ನಾಲ್ಕು ದಿನದಲ್ಲಿ ಬೆಳ್ಳಗೆ ಹೊಳೆಯುವುದು ಇದರಿಂದಲೇ.

ಮಣ್ಣಿನ ಇಲ್ಲವೇ ಗಾರೆಯ ಹಳೆಯ ಗೋಡೆಗಳಿಗೆ ಸುಣ್ಣ ಒಗ್ಗುವಷ್ಟು ಪ್ಲಾಸ್ಟಿಕ್ ಪೇಂಟು ಒಗ್ಗುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಇಂಥ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಪದರದ ಸೂಕ್ಷ್ಮ ರಂಧ್ರಗಳಿಂದ ಆ ತೇವ ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ಪೇಂಟಿನ ಹಿಂದೆ ಅದು ಸಿಕ್ಕಿಬಿದ್ದು, ಬಣ್ಣ ಉಬ್ಬಿ ಹಪ್ಪಳದಂತೆ ಏಳುತ್ತದೆ; ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಹೊಸ ಸುಣ್ಣ ಪ್ರಬಲ ಕ್ಷಾರ. ಅದರಲ್ಲಿ ಬೂಷ್ಟು ಬೆಳೆಯಲಾರದು.

ಬಳಿಯುವ ಕ್ರಮ

ಒಂದು ಕೆ.ಜಿ. ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುವ ಅಪಾಯ ಹೆಚ್ಚು. ಪ್ಲಾಸ್ಟಿಕ್ ಬಕೆಟ್ಟು ಆ ಬಿಸಿಗೆ ಮೆತ್ತಗಾಗಿಬಿಡಬಹುದು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಹಾಕುತ್ತದೆ. ಒಂದು ದಿನ ಹಾಗೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದಿನ ನೀರು ಇಲ್ಲವೇ ಅಕ್ಕಿಯ ಗಂಜಿ ಬೆರೆಸಿದರೆ ಒರಗಿದವರ ಬೆನ್ನಿಗೆ ಸುಣ್ಣ ಹತ್ತುವುದು ಕಡಿಮೆಯಾಗುತ್ತದೆ.

ಗೋಡೆಯ ಧೂಳು, ಉದುರುವ ಹಳೆಯ ಪದರ ಕೆರೆದು, ನೀರು ಚಿಮುಕಿಸಿ, ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ಈಗಾಗಲೇ ಎಣ್ಣೆ ಬಣ್ಣ ಅಥವಾ ಪ್ಲಾಸ್ಟಿಕ್ ಪೇಂಟು ಬಳಿದಿರುವ ಗೋಡೆಗೆ ಸುಣ್ಣ ಅಂಟುವುದಿಲ್ಲ.

ಸುಣ್ಣ ಅರಳಿಸುವ ಕಡೆ ಮಕ್ಕಳು ಸುಳಿಯಬಾರದು. ಅದು ದೊಡ್ಡವರ ಕೆಲಸ. ಅವರೂ ಕನ್ನಡಕ ಹಾಕಿಕೊಂಡಿರಬೇಕು. ಕಣ್ಣಿಗೆ ಸುಣ್ಣ ಸಿಡಿದರೆ ಉಜ್ಜದೆ, ಶುದ್ಧ ನೀರಿನಲ್ಲಿ ಕಾಲು ಗಂಟೆಯಾದರೂ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಬೇಕು.

ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುವ ರೂಢಿಗೂ ಕಾರಣವಿದೆ. ಸುಣ್ಣದ ನಸುಹಳದಿ ಛಾಯೆಯನ್ನು ನೀಲಿ ಮರೆಸುತ್ತದೆ. ಬಿಳುಪು ಎದ್ದು ಕಾಣುತ್ತದೆ. ಗೋಡೆಯ ಬುಡಕ್ಕೆ ಒಂದು ಮೊಳ ಎತ್ತರದ ಜಾಜಿನ ಪಟ್ಟಿ ಎಳೆದರೆ ಕೊಳೆ ಕಾಣದು, ಮನೆಗೆ ಲಕ್ಷಣವೂ ಹೌದು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಅದು ಬಿಸಿಲಿಗೂ ಸುಣ್ಣಕ್ಕೂ ಜಗ್ಗುವುದಿಲ್ಲ. ಹಳದಿ ಬೇಕೆಂದು ಅರಿಸಿನ ಬೆರೆಸಿದರೆ ಮಾತ್ರ ಮೋಸ! ಕ್ಷಾರ ತಾಗಿ ಅರಿಸಿನ ಕೆಂಪಾಗುತ್ತದೆ, ಬಿಸಿಲಿಗೆ ಬೇಗ ಮಾಸಿಹೋಗುತ್ತದೆ.

ಒಂದು ಹೆಂಚಿನ ಬೆಳಕು

ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗವನ್ನು ಹಿಂತಿರುಗಿಸುತ್ತದೆ. ಕಡುಹಸಿರು, ಕಡುನೀಲಿ ಗೋಡೆಗಳು ಬಹುಪಾಲು ಬೆಳಕನ್ನು ನುಂಗಿಬಿಡುತ್ತವೆ. ಅದೇ ಬಲ್ಬು, ಅದೇ ಕಿಟಕಿ ಇದ್ದರೂ ಬಿಳಿಯ ಕೋಣೆ ದೊಡ್ಡದಾಗಿ ಕಾಣುವುದು ಇದಕ್ಕೇ. ಹೆಂಚಿನ ಮನೆಯ ನಡುಕೋಣೆ ಹಗಲಲ್ಲೂ ಕತ್ತಲಾಗಿದ್ದರೆ ಎರಡು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದರೆ ಸಾಕು. ಹಗಲೆಲ್ಲ ದೀಪದ ಖರ್ಚಿಲ್ಲ. ಓದುವ ಮೇಜನ್ನು ಕಿಟಕಿಯ ಪಕ್ಕಕ್ಕೆ, ಬಲಗೈಯಲ್ಲಿ ಬರೆಯುವ ಮಗುವಿಗೆ ಎಡದಿಂದ ಬೆಳಕು ಬೀಳುವಂತೆ ಸರಿಸಿಟ್ಟರೆ ಕೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಈ ಬದಲಾವಣೆಗೆ ಕಾಸಿನ ಖರ್ಚೂ ಇಲ್ಲ.

ಕಾಡಿನ ಕಳೆ, ಮನೆಯ ಕುರ್ಚಿ

ಬಂಡೀಪುರದ ರಸ್ತೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಕಣ್ಣಿಗೆ ಬೀಳುವ ಬಣ್ಣಬಣ್ಣದ ಪುಟ್ಟ ಹೂಗೊಂಚಲಿನ ಮುಳ್ಳುಪೊದೆಯೇ ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಭಾರತಕ್ಕೆ ತಂದರು. ಅದು ತೋಟದ ಬೇಲಿ ದಾಟಿ ಕಾಡನ್ನೇ ಆವರಿಸಿತು. ಅದರ ಅಡಿಯಲ್ಲಿ ಹುಲ್ಲು ಬೆಳೆಯದೆ ಜಿಂಕೆ, ಆನೆಗಳ ಮೇವಿಗೆ ಸಂಚಕಾರ ಬಂದಿದೆ.

ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಈ ಕಳೆಯಿಂದಲೇ ಕುರ್ಚಿ, ಮೇಜು, ಬುಟ್ಟಿ, ಪುಸ್ತಕದ ಗೂಡು ಮಾಡುವುದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ತರಬೇತಿಯಿಂದ ಕಲಿತರು. ಕೋಲುಗಳನ್ನು ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಮರದ ನಾರನ್ನು ಬಿಗಿಹಿಡಿದ ಲಿಗ್ನಿನ್ ಎಂಬ ವಸ್ತು ಬಿಸಿಗೆ ಮೆತ್ತಗಾಗಿ, ತಣಿದಾಗ ಮತ್ತೆ ಗಟ್ಟಿಯಾಗುವುದೇ ಇದರ ಗುಟ್ಟು. ನೋಡಲು ಬೆತ್ತದ ಕುರ್ಚಿಯಂತೆಯೇ, ಬೆಲೆ ಅದಕ್ಕಿಂತ ಕಡಿಮೆ. ನೆರೆಯ ನೀಲಗಿರಿಯ ಬುಡಕಟ್ಟು ಜನ ಲಂಟಾನದಿಂದ ಹೆಣೆದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪ್ರದರ್ಶನಕ್ಕೆ ನಿಂತಿದ್ದವು.

ರಜೆಯಲ್ಲಿ ಮಕ್ಕಳು ಹೊಲದ ಬದುವಿನ ಲಂಟಾನದಿಂದ ಒಂದು ಪೆನ್ನಿನ ಬುಟ್ಟಿ, ಒಂದು ಚಿತ್ರದ ಚೌಕಟ್ಟು ಮಾಡಿ ನೋಡಬಹುದು. ಮೀಸಲು ಕಾಡಿಗೆ ನುಗ್ಗಿ ಕಡಿಯುವುದು ಅಪರಾಧ. ಎಲೆ, ಕಾಯಿ ವಿಷವಾದ್ದರಿಂದ ದನಕರುಗಳ ಮುಂದೆ ಎಸೆಯಬಾರದು.

ಹಳೆಯ ಬಣ್ಣದ ಎಚ್ಚರ

ಬಾಗಿಲು, ಕಿಟಕಿಯ ಸರಳುಗಳಿಗೆ ಎನಾಮಲ್ ಬಣ್ಣ ಬಳಿಯುವವರು ಒಂದು ಮಾತು ನೆನಪಿಡಬೇಕು. ಹಿಂದಿನ ಅನೇಕ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ, ಕಲಿಕೆಗೆ ಮಾರಕ. ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಿದರೆ ವಿಷದ ಧೂಳು ಮನೆ ತುಂಬುತ್ತದೆ. ನೀರು ಹಚ್ಚಿ ಉಜ್ಜಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನೂ ಬಸುರಿಯರನ್ನೂ ಆ ದಿನ ದೂರವಿಡಬೇಕು. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣದ ಬಗ್ಗೆ ಮುದ್ರಿಸಿರುವುದನ್ನು ಓದಬೇಕು. ಓದುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು.

ಕೊನೆಗೆ ಬಾಗಿಲಿಗೆ ಗುಂಡ್ಲುಪೇಟೆಯ ಹೊಲದ ಚೆಂಡುಹೂವಿನ ತೋರಣ ಇದ್ದೇ ಇದೆ. ತೋರಣ ಒಣಗಿದ ಮೇಲೆ ಅದರಲ್ಲಿ ಬೀಜ ಕಟ್ಟಿದ್ದರೆ ಹಳೆಯ ಡಬ್ಬದಲ್ಲಿ ಬಿತ್ತಿದರಾಯಿತು. ಈ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಕೂಡಿ ಒಂದು ಕೋಣೆಗಾದರೂ ಸುಣ್ಣ ಬಳಿಯಲಿ. ಅದು ಮಕ್ಕಳು ಓದುವ ಕೋಣೆಯಾಗಲಿ.